ಏನೂ ಇಲ್ಲದ ಸೀಸೆಯ ಪ್ರತಾಪ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಮೊದಲೇ ಹೇಳಿಬಿಡುತ್ತೇನೆ: ನೀವು ಔಷಧಿ ಮಾಡುವುದಿಲ್ಲ. ಮನೆಯವರು ಮಾತ್ರ ಬೀದಿಯಲ್ಲೆಲ್ಲ "ನಮ್ಮ ಮಗಳು ಮಾತ್ರೆ ಕಂಡುಹಿಡೀತಾಳೆ" ಅಂತ ಹೇಳಿಕೊಂಡು ತಿರುಗುತ್ತಾರೆ. ಹಲಸೂರಿನ ನಮ್ಮ ಗಲ್ಲಿಯಲ್ಲಿ ಅಮ್ಮ ಅದನ್ನು ಎಷ್ಟು ಜೋರಾಗಿ ಹೇಳಿದ್ದಳೆಂದರೆ, ಭಾನುವಾರ ಬೆಳಿಗ್ಗೆ ಮಂಡಿನೋವಿನವರು, ಗ್ಯಾಸ್ಟ್ರಿಕ್‌ನವರು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ನಾನು ಮಾಡೋದು ನುಂಗೋ ಪದಾರ್ಥ ಅಲ್ಲ ಅಜ್ಜಿ, ನುಂಗಿದ್ರೆ ಸೀದಾ ಮೇಲಕ್ಕೆ ಹೋಗ್ತೀರ" ಅಂದರೆ, "ಓದಿದ್ಮೇಲೆ ಜಂಭ ಬಂದೈತೆ ನೋಡು ಇವಳಿಗೆ" ಅಂತ ಗೊಣಗಿಕೊಂಡು ಹೋಗುತ್ತಿದ್ದರು.

ಜಂಭ ಇದ್ದಿದ್ದು ನಿಜ. ಯಾಕಿರಬಾರದು? ಅಪ್ಪ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ತರಕಾರಿ ಮೂಟೆ ಹೊರುತ್ತಿದ್ದ. ಅಮ್ಮ ಇಂದಿರಾನಗರದ ಬಂಗಲೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಆ ಬಂಗಲೆಗಳೆಲ್ಲ ಈಗ ಪಬ್ಬಾಗಿವೆ, ಬಿಯರ್ ಕೊಡುತ್ತಾರೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಡಿಗ್ರಿ ಅನ್ನುವ ಮಾತು ಬಂದಿದ್ದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಬೀದಿದೀಪ, ಸೀಮೆಎಣ್ಣೆ ಬುಡ್ಡಿ ಅಂತ ಕಥೆ ಹೇಳಿ ನಿಮ್ಮ ಕಣ್ಣಲ್ಲಿ ನೀರು ತರಿಸುವುದಿಲ್ಲ. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದೆ, ಕಷ್ಟಪಟ್ಟೇ ಮಾಡಿದೆ, ಮೊದಲ ದರ್ಜೆಯಲ್ಲೇ ಪಾಸಾದೆ. ಅಷ್ಟು ಸಾಕು.

ಹಾಗಾದರೆ ನಾವು ಮಾಡುವುದೇನು? ಒಂದು ಹಳೇ ವಠಾರ ನೆನೆಸಿಕೊಳ್ಳಿ. ಸಾಲಾಗಿ ಮನೆಗಳು, ಮೂಲೆಯಲ್ಲಿ ಒಂದೇ ಫ್ಯೂಸ್ ಬೋರ್ಡು, ಯಾವ ಫ್ಯೂಸು ಯಾರ ಮನೆಯದು ಅಂತ ಯಾರಿಗೂ ಗೊತ್ತಿಲ್ಲ. ಕಂಡುಹಿಡಿಯಲು ಒಂದೇ ದಾರಿ. ಒಂದು ಫ್ಯೂಸ್ ಕಿತ್ತು, ಯಾವ ಮನೆಯಿಂದ ಬೈಗುಳ ಬರುತ್ತದೆ ಅಂತ ಕಿವಿಗೊಟ್ಟು ಕೇಳುವುದು. ನಮ್ಮ ಮೈಯೊಳಗಿನ ಕಿಣ್ವಗಳು ಆ ಫ್ಯೂಸುಗಳು. ಕಾಯಿಲೆಯಲ್ಲಿ ಯಾವ ಕಿಣ್ವದ ಕೈವಾಡ ಇದೆ ಅಂತ ತಿಳಿಯಲು, ಅದೊಂದನ್ನೇ ಹಿಡಿದು ನಿಲ್ಲಿಸುವ ಪುಟ್ಟ ಅಣುವನ್ನು ನಾವು ಕಟ್ಟಿಕೊಡುತ್ತೇವೆ. ಅದಕ್ಕೆ ಪ್ರೋಬ್ ಅನ್ನುತ್ತಾರೆ.

ಆದರೆ ವಠಾರದಲ್ಲಿ ಕೆಲವರು ಇರುತ್ತಾರೆ, ನೀವು ಫ್ಯೂಸ್ ಕೀಳುವುದೇ ಬೇಡ, ಬೋರ್ಡಿನ ಹತ್ತಿರ ಹೋದರೂ ಸಾಕು, ಕಿರುಚುತ್ತಾರೆ. ಅಂಥವರನ್ನು ಪತ್ತೆ ಮಾಡಲು ಪ್ರೋಬಿಗೊಂದು ಅವಳಿ ಮಾಡುತ್ತೇವೆ. ನೋಡಲು ಹೆಚ್ಚುಕಮ್ಮಿ ಹಾಗೇ, ಒಂದು ಮೂಲೆಯಲ್ಲಿ ಮಾತ್ರ ಸಣ್ಣ ಬದಲಾವಣೆ, ಕಿಣ್ವವನ್ನು ಹಿಡಿಯಲು ಅದಕ್ಕೆ ಆಗುವುದಿಲ್ಲ. ಪ್ರೋಬ್ ಕೆಲಸ ಮಾಡಬೇಕು, ಅವಳಿ ದಂಡಪಿಂಡವಾಗಿರಬೇಕು. ಎರಡೂ ಕೆಲಸ ಮಾಡಿದರೆ ನಿಮ್ಮ ಪ್ರೋಬ್ ಸುಳ್ಳುಬುರುಕ. ಪ್ರಪಂಚದಲ್ಲಿ ದಂಡಪಿಂಡಕ್ಕೆ ಇಷ್ಟು ಮರ್ಯಾದೆ ಸಿಗುವುದು ನಮ್ಮ ಕಸುಬಿನಲ್ಲಿ ಮಾತ್ರ.

ನಮ್ಮ ಲ್ಯಾಬು ಗರುಡಾಚಾರ್‌ಪಾಳ್ಯದ ಕಡೆ, ಹಿಂದೆ ನಟ್ಟುಬೋಲ್ಟು ಮಾಡುತ್ತಿದ್ದ ಶೆಡ್ಡಿನಲ್ಲಿತ್ತು. ಮಳೆ ಬಂದರೆ ರಸ್ತೆ ಕೆರೆಯಾಗುತ್ತಿತ್ತು. ಪ್ಯಾಂಟು ಮಂಡಿಯವರೆಗೆ ಮಡಚಿಕೊಂಡು ಬಂದ ವಿಜ್ಞಾನಿಗಳು ಒಳಗೆ ಬಂದು ಕನ್ನಡಕ, ಕೈಗವಸು ಹಾಕಿಕೊಂಡು "ಸೇಫ್ಟಿ ಫಸ್ಟ್" ಅನ್ನುತ್ತಿದ್ದರು. ಮುಖ್ಯಸ್ಥರು ಡಾಕ್ಟರ್ ರಾಘವನ್, ಕಂಟೋನ್ಮೆಂಟಿನ ತಮಿಳರು, ಹೊರದೇಶದಲ್ಲಿ ಓದಿ ಬಂದವರು. ಇಂಟರ್‌ವ್ಯೂನಲ್ಲಿ, "ಮುನಿಲಕ್ಷ್ಮಿ ಉದ್ದ ಆಯ್ತು, ಲಕ್ಷ್ಮಿ ಅಂತ ಕರೀಲಾ?" ಅಂದರು. "ಮೊದಲ ಅರ್ಧ ಏನು ಪಾಪ ಮಾಡಿದೆ ಸಾರ್?" ಅಂದೆ. ಅವರು ನಕ್ಕು, ಅವತ್ತಿನಿಂದ ನಾನು ನಿವೃತ್ತಳಾಗುವ ತನಕ ನನ್ನನ್ನು ಮುನಿ ಅಂತಲೇ ಕರೆದರು.

ರಾಘವನ್ ಸಾರ್‌ಗೆ ಎರಡು ಚಟ. ಒಂದು ಫಿಲ್ಟರ್ ಕಾಫಿ, ಇನ್ನೊಂದು ಹೊಸ ವಿಧಾನ. ಒಂದು ವರ್ಷ ಕಂಪ್ಯೂಟರಿನಲ್ಲೇ ಅಣು ಡಿಸೈನ್ ಮಾಡಿಸುತ್ತೇವೆ ಅಂತ ಹೊರಟರು. ಕಂಪ್ಯೂಟರು ಒಂದು ಚಿತ್ರ ಕೊಟ್ಟಿತು, ಕಿಣ್ವದ ಗೂಡಿನೊಳಗೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು. ಸಾರ್ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ನನ್ನ ಮೇಜಿನ ಮೇಲೆ ಅಂಟಿಸಿದರು. ನಾನು ನೋಡಿದೆ: ಸಾಲಾಗಿ ನೈಟ್ರೊಜನ್‌ಗಳು ಕೈಕೈ ಹಿಡಿದು ನಿಂತಿದ್ದವು.

"ಸಾರ್, ಇದನ್ನ ಮಾಡಬಹುದು. ಆದ್ರೆ ಮಾಡಿದ ಮೇಲೆ ಕಿಣ್ವದ ಜೊತೆ ಶೆಡ್ಡಿನ ಛಾವಣೀನೂ ಹೋಗುತ್ತೆ."

"ಎನ್ನ ಮಾ, ಸ್ಫೋಟಕನಾ?"

"ದೀಪಾವಳಿಗೆ ಬೇಕಿದ್ರೆ ಮಾಡ್ಕೊಡ್ತೀನಿ."

ಚಿತ್ರ ಮಾತ್ರ ಚೆನ್ನಾಗಿತ್ತು. ಬಹಳ ವರ್ಷ ಗೋಡೆಯ ಮೇಲಿತ್ತು. ಈಗಿನ ಕಂಪ್ಯೂಟರುಗಳು ಜಾಣವಾಗಿವೆಯಂತೆ, ಸಂತೋಷ. ಆದರೂ ಚಿತ್ರ ಬಂದ ತಕ್ಷಣ ಫ್ಲಾಸ್ಕ್ ತೆಗೆಯಬೇಡಿ, ಒಂದು ಕಾಫಿ ಕುಡಿಯುವಷ್ಟು ಹೊತ್ತು ದಿಟ್ಟಿಸಿ ನೋಡಿ.

ಲ್ಯಾಬಿನಲ್ಲಿ ನನ್ನ ಶತ್ರು ಶಾಹೀನಾ. ಶತ್ರು ಅಂದರೆ ದಿನಾ ಒಟ್ಟಿಗೆ ಊಟ ಮಾಡುವ ಶತ್ರು. ಶಿವಾಜಿನಗರದವಳು, ಬಯಾಲಜಿಯಲ್ಲಿ ಡಾಕ್ಟರೇಟು. ನಾನು ಮಾಡಿದ ಅಣುವನ್ನು ಕಿಣ್ವದ ಮೇಲೆ ಹಾಕಿ ಪರೀಕ್ಷಿಸುವುದು ಅವಳ ಕೆಲಸ. ಪರೀಕ್ಷೆ ಕೆಟ್ಟರೆ ಅವಳು "ನಿನ್ನ ಪುಡಿ ಗಲೀಜು" ಅನ್ನುವಳು, ನಾನು "ನಿನ್ನ ಕಿಣ್ವ ಹಳಸಲು" ಅನ್ನುವೆ. ಕೆಮಿಸ್ಟು ಬಯಾಲಜಿಸ್ಟುಗಳ ಜಗಳ ಅತ್ತೆ ಸೊಸೆಯರದ್ದಕ್ಕಿಂತ ಹಳೆಯದು. ಒಂದು ಸಲ ಅವಳ ಫ್ರಿಜ್ ಕೆಟ್ಟು ಕಿಣ್ವವೆಲ್ಲ ಸತ್ತುಹೋಗಿತ್ತು. ಸತ್ತ ಕಿಣ್ವದ ಮುಂದೆ ನನ್ನ ಅಣುಗಳೆಲ್ಲ ಮಹಾಶೂರರಾಗಿ ಕಂಡಿದ್ದವು. ಮೂರು ದಿನ ನಾನು ಮಹಾರಾಣಿ ಥರ ಓಡಾಡಿದ್ದೆ. ಆ ಅವಮಾನ ಮರೆತಿರಲಿಲ್ಲ.

ಕೆಲವು ಅಣುಗಳ ಸ್ವಭಾವವೇ ಹಾಗೆ, ಯಾರ ಮನೆ ಮದುವೆಯಾದರೂ ನುಗ್ಗಿ ಊಟಕ್ಕೆ ಕೂತುಬಿಡುತ್ತವೆ. ನೀರಿನಲ್ಲಿ ತಾವುತಾವೇ ಮುದ್ದೆ ಕಟ್ಟಿಕೊಂಡು ಸಿಕ್ಕ ಕಿಣ್ವಕ್ಕೆಲ್ಲ ಅಂಟಿಕೊಳ್ಳುತ್ತವೆ. ಅದಕ್ಕೆ ಶಾಹೀನಾ ಪ್ರತಿ ಪರೀಕ್ಷೆಯಲ್ಲೂ ಒಂದಿಷ್ಟು ಸೋಪಿನಂಥದ್ದು ಹಾಕುತ್ತಿದ್ದಳು. ಮುದ್ದೆ ಕರಗಿದರೆ ಶೂರತನವೂ ಕರಗುತ್ತದೆ. ನನ್ನ ಎಷ್ಟೋ ಮುದ್ದಿನ ಅಣುಗಳು ಅವಳ ಸೋಪಿಗೆ ಬಲಿಯಾದವು. ವರ್ಷಗಟ್ಟಲೆ ಮಾಡಿದ ಅಣುಗಳಲ್ಲಿ ಕೊನೆಗೆ ಒಂದೇ ಒಂದು ಎಲ್ಲವನ್ನೂ ತಡೆದುಕೊಂಡು ನಿಂತಿತು.

ಆ ಒಂದರ ಕಥೆ ಹೇಳುವುದಕ್ಕೇ ಇಷ್ಟು ಪೀಠಿಕೆ.

ಮೂತ್ರಪಿಂಡ ಒಳಗೊಳಗೇ ಗಾಯದ ಕಲೆಯ ಹಾಗೆ ಗಟ್ಟಿಯಾಗುವ ಕಾಯಿಲೆಯೊಂದಿದೆ. ಅದರಲ್ಲಿ ಅತಿಯಾಗಿ ದುಡಿಯುವ ಒಂದು ಕಿಣ್ವ ನಮ್ಮ ಗುರಿ. ನನ್ನ ಅಣು ಅದನ್ನು ಹಿಡಿಯುತ್ತಿತ್ತು. ಬಿಗಿಯಾಗೇನೂ ಅಲ್ಲ, ಸಾಧಾರಣವಾಗಿ. ಇದಕ್ಕೆ ಹಣ ಕೊಡುತ್ತಿದ್ದ ಸಂಸ್ಥೆಯ ಸಮಿತಿ ಬಂದು ನೋಡುವುದಿತ್ತು. ಅವರು ಒಪ್ಪಿದರೆ ನನ್ನ ಅಣು ಬೇರೆ ಬೇರೆ ಲ್ಯಾಬುಗಳಿಗೆ ಹೋಗಿ ನಿಜವಾದ ಕೆಲಸ ಶುರುಮಾಡುತ್ತದೆ. ಒಪ್ಪದಿದ್ದರೆ ಯೋಜನೆ ಮುಚ್ಚಿ, ಅದು ಫ್ರೀಜರಿನ ಹಿಂದುಗಡೆ ಹೋಗಿ ಕೂರುತ್ತದೆ. ನನಗೆ ನಿವೃತ್ತಿ ಹತ್ತಿರದಲ್ಲಿತ್ತು. ಇನ್ನೊಂದು ಅಣುವನ್ನು ಮೊದಲಿನಿಂದ ಕಟ್ಟಲು ಸಮಯವಿರಲಿಲ್ಲ. ಇದು ನಿಂತರೆ ನಿಂತಿತು, ಇಲ್ಲದಿದ್ದರೆ ಇಷ್ಟು ವರ್ಷ ನಾನು ತೊಳೆದಿದ್ದು ಬರೀ ಫ್ಲಾಸ್ಕು.

ಸಮಿತಿ ಬರುವ ಮುಂಚೆ ರಾಘವನ್ ಸಾರ್‌ಗೆ ಹೊಸ ವಿಧಾನದ ಚಟ ಕೆರಳಿತು.

"ಮುನಿ, ನೀನು ಅಣುವಿನ ಎರಡು ತುಂಡನ್ನ ಮೊದಲೇ ಜೋಡಿಸಿ ಆಮೇಲೆ ಒಂದೊಂದಾಗಿ ಅಲಂಕಾರ ಮಾಡ್ತೀಯ. ಉಲ್ಟಾ ಮಾಡು ಮಾ. ಎರಡೂ ತುಂಡನ್ನ ಬೇರೆಬೇರೆ ಪೂರ್ತಿ ತಯಾರಿಸಿ, ಕೊನೇಲಿ ಜೋಡಿಸು. ಬೇಗ ಆಗುತ್ತೆ."

ತುಂಡುಗಳನ್ನು ಜೋಡಿಸಲು ಪಲ್ಲಾಡಿಯಂ ಅನ್ನುವ ಲೋಹ ಒಂದು ಚಿಟಿಕೆ ಹಾಕುತ್ತೇವೆ. ಮದುವೆ ಬ್ರೋಕರ್ ಇದ್ದ ಹಾಗೆ, ಎರಡು ಕಡೆಯವರನ್ನು ಸೇರಿಸಿ ತಾನು ಪಕ್ಕಕ್ಕೆ ಸರಿಯುತ್ತದೆ. ಸರಿಯುತ್ತದೆ ಅಂತ ನಂಬಿಕೆ. ನನಗೂ ಸಾರ್ ಮಾತು ಸರಿ ಅನ್ನಿಸಿತು, ಹೊಸ ದಾರಿಯಲ್ಲಿ ಪ್ರೋಬನ್ನೂ ಅವಳಿಯನ್ನೂ ಮಾಡಿದೆ. ಪುಡಿ ಕರಗಿಸಿದರೆ ತಿಳಿ ಟೀ ಬಣ್ಣ ಬಂತು. ಮೊದಲಿನದು ನೀರಿನಂತೆ ತಿಳಿಯಾಗಿತ್ತು. ಎನ್‌ಎಂಆರ್ ಅನ್ನುವ, ಅಣುವಿನ ಗುರುತು ಹಿಡಿಯುವ ಯಂತ್ರದಲ್ಲಿ ಇಟ್ಟು ನೋಡಿದೆ, ಶುದ್ಧ ಅಂತ ತೋರಿಸಿತು. ಯಂತ್ರವೇ ಹೇಳಿದ ಮೇಲೆ ಬಣ್ಣವನ್ನು ಯಾರು ಕೇಳುತ್ತಾರೆ?

ಪ್ರೋಬ್ ಮೊದಲಿಗಿಂತ ಹತ್ತುಪಟ್ಟು ಬಲವಾಗಿ ಕಿಣ್ವವನ್ನು ಹಿಡಿಯಿತು. ಸಾರ್ ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಫೋನ್ ಮಾಡಿ ಸಮಿತಿಯ ಅಧ್ಯಕ್ಷೆಗೆ ಹೇಳಿಬಿಟ್ಟರು. ಎಲ್ಲರಿಗೂ ಮೈಸೂರ್‌ಪಾಕ್ ಬಂತು. ಶಾಹೀನಾ ಮಾತ್ರ ತನ್ನ ಪಾಲಿನ ತುಂಡು ಬಾಯಿಗೆ ಹಾಕಿಕೊಂಡು ನನ್ನ ಹತ್ತಿರ ಬಂದಳು.

"ಕ್ಯಾ ಬಾ ಮುನಿ, ನಿನ್ನ ದಂಡಪಿಂಡ ಯಾಕೆ ಕೆಲಸ ಮಾಡ್ತಿದೆ?"

"ಯಾವುದು?"

"ಅವಳಿ ಕಣೇ. ಅದಕ್ಕೂ ಕಿಣ್ವ ಮಲಗಿಬಿಡ್ತು. ಸೋಪು ಹಾಕಿದ್ರೂ ಏಳ್ಲಿಲ್ಲ."

"ನಿನ್ನ ಫ್ರಿಜ್ ನೋಡ್ಕೋ ಹೋಗು."

"ಫ್ರಿಜ್ ಸರಿಯಾಗಿದೆ. ನಿನ್ನ ಫ್ಲಾಸ್ಕ್ ಸರಿಯಾಗಿ ತೊಳ್ಕೊ."

ನನಗೆ ಉರಿದುಹೋಯಿತು. ಅವಳ ಪರೀಕ್ಷೆಯೇ ಕೆಟ್ಟಿದೆ ಅಂತ ಸಾಬೀತು ಮಾಡಬೇಕು, ಅದೂ ಎಲ್ಲರೆದುರು ಅವಳ ಮುಖ ಸಣ್ಣಗಾಗುವ ಹಾಗೆ. ಒಂದು ಉಪಾಯ ಹೊಳೆಯಿತು. ಏನೂ ಇಲ್ಲದ ಒಂದು ಸೀಸೆಯನ್ನು ಮಧ್ಯೆ ಸೇರಿಸಿ ಕೊಡುವುದು. ಅದಕ್ಕೂ ಅವಳ ಕಿಣ್ವ ಮಲಗಿತೋ, ಸಿಕ್ಕಿಬಿದ್ದಳು! ಆದರೆ ಬರೀ ದ್ರಾವಕ ತುಂಬಿ ಕೊಟ್ಟರೆ ಬಣ್ಣ ನೋಡಿಯೇ ಅವಳಿಗೆ ತಿಳಿದುಬಿಡುತ್ತಿತ್ತು. ಹಾಗಾಗಿ ಇಡೀ ಅಡುಗೆಯನ್ನು ಮತ್ತೆ ಮಾಡಿದೆ. ಎರಡು ತುಂಡುಗಳನ್ನು ಮಾತ್ರ ಹಾಕಲಿಲ್ಲ. ಉಳಿದದ್ದೆಲ್ಲ ಹಾಕಿ, ಅಷ್ಟೇ ಹೊತ್ತು ಕಾಯಿಸಿ, ಅದೇ ರೀತಿ ತೊಳೆದು, ಅದೇ ರೀತಿ ಸೋಸಿದೆ. ಅಕ್ಕಿಯಿಲ್ಲದೆ ಬಿರಿಯಾನಿ ದಮ್ ಕಟ್ಟಿದ ಹಾಗೆ. ಕೊನೆಗೆ ಪಾತ್ರೆಯ ತಳದಲ್ಲಿ ಒಂದು ಸವರಿದಂಥ ಕಲೆ ಉಳಿಯಿತು. ದ್ರಾವಕ ಹಾಕಿದೆ. ಅದೇ ತಿಳಿ ಟೀ ಬಣ್ಣ. ಇಷ್ಟು ಚೆನ್ನಾಗಿ ನಕಲು ಮಾಡಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರು ಸೀಸೆಗಳಿಗೆ ಹೆಸರು ಬರೆಯುವ ಬದಲು ಬಸ್ ಸ್ಟಾಪುಗಳ ಹೆಸರು ಬರೆದೆ. ಪ್ರೋಬಿಗೆ ಹಲಸೂರು, ನಮ್ಮೂರಲ್ಲವೇ. ಅವಳಿ ಅಣುವಿಗೆ ದೊಮ್ಮಲೂರು. ಏನೂ ಇಲ್ಲದ್ದಕ್ಕೆ ಟಿನ್ ಫ್ಯಾಕ್ಟರಿ, ಯಾಕೆಂದರೆ ಅಲ್ಲಿ ಇಳಿದವರಿಗೆ ಧೂಳು, ಬಸ್ಸಿನವರ ಕೂಗು ಬಿಟ್ಟರೆ ಏನೂ ಸಿಗುವುದಿಲ್ಲ. ಮೆಟ್ರೊ ಕೆಲಸಕ್ಕೆ ಅಗೆದು ಹಾಕಿದ್ದ ಆ ದಿನಗಳಲ್ಲಂತೂ ರಸ್ತೆಯೂ ಸಿಗುತ್ತಿರಲಿಲ್ಲ.

"ಯಾವುದು ಏನು ಅಂತ ಹೇಳಲ್ಲ. ಟೆಸ್ಟ್ ಮಾಡಿ ಕೊಡು" ಅಂದೆ.

"ಕೊಡು ಕೊಡು. ಕಂಡಕ್ಟರ್ ಆಗ್ಬಿಡ್ತೀನಿ" ಅಂತ ತೆಗೆದುಕೊಂಡು ಹೋದಳು.

ಮಾರನೆಯ ದಿನ ಫಲಿತಾಂಶ ತಂದಳು. ಅವಳ ಮುಖದಲ್ಲಿ ಗೊಂದಲ, ನನ್ನ ಮುಖದಲ್ಲಿ ಹಬ್ಬ.

"ಹಲಸೂರು ಜೋರು. ದೊಮ್ಮಲೂರೂ ಜೋರು. ಟಿನ್ ಫ್ಯಾಕ್ಟರಿ ಅಂತೂ ಉಸ್ತಾದ್ ಕಣೇ. ಅದರಲ್ಲಿ ಏನಿಟ್ಟಿದ್ದೀಯ?"

ನಾನು ಕುರ್ಚಿಯಿಂದ ಎದ್ದೇ ನಿಂತೆ. ಅಕ್ಕಪಕ್ಕದವರಿಗೆ ಕೇಳಿಸಲಿ ಅಂತ ಗಂಟಲು ಏರಿಸಿದೆ. "ಏನೂ ಇಲ್ಲ! ಅದರಲ್ಲಿ ನನ್ನ ಅಣುವಿನ ಒಂದು ಕಣ ಕೂಡ ಇಲ್ಲ! ಈಗ ಹೇಳು, ಗಲೀಜು ಯಾರದ್ದು?"

ಶಾಹೀನಾ ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನಿಧಾನಕ್ಕೆ ತಿರುಗಿಸಿದಳು.

"ಏನೂ ಇಲ್ವಾ?"

"ಏನೂ ಇಲ್ಲ."

"ಮತ್ತೆ ಈ ಬಣ್ಣ ಎಲ್ಲಿಂದ ಬಂತು?"

ಸೀಸೆ ಕಸಿದುಕೊಂಡು ನಾನೂ ಬೆಳಕಿಗೆ ಹಿಡಿದೆ. ಬ್ರೋಕರ್ ಪಕ್ಕಕ್ಕೆ ಸರಿದಿರಲಿಲ್ಲ, ಮದುವೆಮನೆಯಲ್ಲೇ ಉಳಿದುಬಿಟ್ಟಿದ್ದ. ಆ ಕಂದು ಬಣ್ಣವೇ ಪಲ್ಲಾಡಿಯಂ. ಹಳೇ ದಾರಿಯಲ್ಲಿ ಜೋಡಿಸುವ ಕೆಲಸ ಮೊದಲೇ ಆಗುತ್ತಿತ್ತು, ಮುಂದಿನ ಒಂದೊಂದು ಹಂತದಲ್ಲೂ ಲೋಹ ತೊಳೆದುಹೋಗುತ್ತಿತ್ತು. ಹೊಸ ದಾರಿಯಲ್ಲಿ ಅದು ಕೊನೆಗೆ ಬಂತು, ತೊಳೆಯಲು ಮುಂದೆ ಹಂತವೇ ಇರಲಿಲ್ಲ. ಎನ್‌ಎಂಆರ್ ಯಂತ್ರದ ಕಣ್ಣಿಗೆ ಲೋಹ ಬೀಳುವುದಿಲ್ಲ. ಕಿಣ್ವವನ್ನು ಕೊಲ್ಲುತ್ತಿದ್ದುದು ನನ್ನ ಅಣುವಲ್ಲ, ಲೋಹದ ಚೂರು.

ಶಾಹೀನಾ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಟಿನ್ ಫ್ಯಾಕ್ಟರೀಲಿ ಲೋಹ ಇರದೆ ಇನ್ನೇನಿರುತ್ತೆ ಪಗ್ಲಿ. ಏಳು, ಸಾರ್ ಹತ್ರ ಹೋಗೋಣ."

ರಾಘವನ್ ಸಾರ್ ಸಮಿತಿಗೆ ತೋರಿಸುವ ಸ್ಲೈಡುಗಳಿಗೆ ಬಣ್ಣ ಹಚ್ಚುತ್ತಿದ್ದರು. ನಾವು ಹೇಳಿದ್ದನ್ನು ಕೇಳಿ ಕಾಫಿ ಲೋಟ ಕೆಳಗಿಟ್ಟರು.

"ಕಡವುಳೇ. ನಾನು ಆಯಮ್ಮಂಗೆ ಹತ್ತುಪಟ್ಟು ಅಂತ ಹೇಳಿಬಿಟ್ಟಿದ್ದೀನಿ." ಮತ್ತೆ ಸ್ಲೈಡಿನ ಕಡೆ ತಿರುಗಿದರು. "ಮೊದಲು ಮೀಟಿಂಗ್ ಆಗಲಿ. ಆಮೇಲೆ ಸರಿ ಮಾಡ್ಕೊಳ್ಳೋಣ. ಏನಂತೀರಿ?"

"ಆಮೇಲೆ ಅನ್ನೋಷ್ಟರಲ್ಲಿ ಇದು ಊರೆಲ್ಲ ಹೋಗಿರುತ್ತೆ ಸಾರ್" ಅಂದೆ. "ಯಾರೋ ಇದನ್ನ ನಂಬಿ ಜೀವಕೋಶದ ಮೇಲೆ ಹಾಕ್ತಾರೆ. ಕೋಶ ಸಾಯುತ್ತೆ. ಈ ಕಿಣ್ವ ನಿಲ್ಲಿಸಿದ್ರೆ ಹೀಗಾಗುತ್ತೆ ಅಂತ ಬರೀತಾರೆ. ಬರೆಯೋದು ಕಾಯಿಲೆಯವರ ಬಗ್ಗೆ ಸಾರ್, ಹುಳದ ಬಗ್ಗೆ ಅಲ್ಲ. ಕೆಳಗೆ ಮಾಡಿದವರು ಯಾರು ಅಂತ ನನ್ನ ಹೆಸರು ಇರುತ್ತೆ, ಪೂರ್ತಿ ಹೆಸರು."

ಸಾರ್ ನನ್ನನ್ನು ನೋಡಿದರು, ಶಾಹೀನಾಳನ್ನು ನೋಡಿದರು. "ಲೋಹ ತೆಗೆದ ಮೇಲೆ ನಿನ್ನ ಅಣು ಉಳಿಯುತ್ತಾ?"

"ಗೊತ್ತಿಲ್ಲ ಸಾರ್." ಹಳೇ ದಾರಿಯ ಅಣುವಿನಲ್ಲೂ ಒಂದಿಷ್ಟು ಲೋಹ ಉಳಿದಿದ್ದು, ಇಷ್ಟು ವರ್ಷ ಕಂಡ ಆ ಸಾಧಾರಣ ಬಲವೂ ಅದರದೇ ಆಗಿದ್ದರೆ?

ಸಾರ್ ಎದ್ದು, ಎಷ್ಟೋ ವರ್ಷದಿಂದ ಗೂಟಕ್ಕೆ ನೇತುಹಾಕಿದ್ದ ಲ್ಯಾಬ್ ಕೋಟು ಹಾಕಿಕೊಂಡು ನಮ್ಮ ಜೊತೆ ಲ್ಯಾಬಿಗೆ ಇಳಿದರು. ಹೊಟ್ಟೆ ಬೆಳೆದಿತ್ತು, ಗುಂಡಿ ಸೇರಲಿಲ್ಲ. ಬಂದವರೇ ಒಂದು ಒಳ್ಳೆ ಫ್ಲಾಸ್ಕ್ ಒಡೆದರು. "ಸಾರ್, ನೀವು ಕೂತು ಆಶೀರ್ವಾದ ಮಾಡಿ ಸಾಕು" ಅಂತ ಸ್ಟೂಲಿನ ಮೇಲೆ ಕೂರಿಸಿದೆ. ಲೋಹವನ್ನು ಹಿಡಿದುಕೊಳ್ಳುವ ಪುಡಿಯೊಂದಿದೆ, ಅದನ್ನು ಮೂರೂ ಸೀಸೆಗೆ ಹಾಕಿ ಕಲಕಿ ಸೋಸಿದೆ. ಟೀ ಬಣ್ಣ ಪುಡಿಗೆ ಹತ್ತಿತು, ದ್ರಾವಣ ನೀರಿನಂತಾಯಿತು. ಹಳೇ ದಾರಿಯದು ಸೀಸೆಯ ತಳದಲ್ಲಿ ಚೂರು ಉಳಿದಿತ್ತು, ಅದಕ್ಕೂ ಹಾಗೇ ಮಾಡಿದೆ. ಎಲ್ಲವನ್ನೂ ಶಾಹೀನಾ ಒಯ್ದಳು. ನಾನು ಅವಳ ಹಿಂದೆ ಹಿಂದೆ ಹೋದೆ.

"ನನ್ನ ಕುತ್ತಿಗೆ ಮೇಲೆ ಉಸಿರು ಬಿಡಬೇಡ. ಆಚೆ ಹೋಗು."

ಆಚೆ ನಿಂತೆ. ಅಲ್ಲಿಂದ ಕಾಣಿಸುತ್ತಿದ್ದುದು ಶಾಹೀನಾಳ ಬೆನ್ನು ಮಾತ್ರ. ಕೊನೆಗೆ ಅವಳು ತಿರುಗದೇ ಕೂಗಿದಳು. "ಟಿನ್ ಫ್ಯಾಕ್ಟರಿ, ಸೊನ್ನೆ. ದೊಮ್ಮಲೂರು, ಸೊನ್ನೆ." ಆಮೇಲೆ ಸುಮ್ಮನಾದಳು. ಬೇಕಂತಲೇ ಸುಮ್ಮನಾದಳು, ಅದು ನನಗೆ ಈಗಲೂ ಗೊತ್ತು.

"ಹೇಳೇ!"

"ಹಲಸೂರು ಹಳೇದೂ ಹೊಸದೂ ಒಂದೇ. ಸಾಧಾರಣ. ನಿನ್ನ ಹಾಗೆ."

ಹತ್ತುಪಟ್ಟು ಹೋಗಿತ್ತು. ಅಣು ಉಳಿದಿತ್ತು.

ಆದರೆ ಸಮಿತಿಗೆ ಹತ್ತುಪಟ್ಟು ಅಂತ ಹೇಳಿಯಾಗಿತ್ತಲ್ಲ. ಅಧ್ಯಕ್ಷೆ ಬಿಳಿ ಕೂದಲಿನ, ಕನ್ನಡಕದ ಮೇಲಿಂದ ನೋಡುವ ಹೆಂಗಸು. ರಾಘವನ್ ಸಾರ್ ನಾಚಿಕೆ ಬಿಟ್ಟು ಎಲ್ಲ ಫಲಿತಾಂಶವನ್ನೂ ಪರದೆಯ ಮೇಲೆ ಹಾಕಿದರು, ಏನೂ ಇಲ್ಲದ ಸೀಸೆಯದೂ ಸೇರಿಸಿ. ಅಧ್ಯಕ್ಷೆ ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿದರು.

"ನೀವು ಮಾಡಿದವುಗಳಲ್ಲಿ ಅತಿ ಬಲವಾದದ್ದು ಯಾವುದಮ್ಮ?"

"ಏನೂ ಹಾಕದೆ ಮಾಡಿದ್ದು ಮೇಡಂ."

ಸಾರ್ ಕಣ್ಣು ಮುಚ್ಚಿಕೊಂಡರು. ಶಾಹೀನಾ ಕೆಮ್ಮಿದಳು. ಅಧ್ಯಕ್ಷೆ ನಗಲಿಲ್ಲ, ಆದರೆ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಮಾತನ್ನ ನಾನು ನಂಬ್ತೀನಿ. ನಿಮ್ಮ ಲ್ಯಾಬನ್ನ ನಂಬಲ್ಲ. ಮೂರೂ ವಯಲ್ ಹೊರಗಿನ ಒಂದು ಲ್ಯಾಬಿಗೆ ಹೋಗಲಿ, ಯಾವುದು ಏನು ಅಂತ ಅವರಿಗೆ ಗೊತ್ತಾಗಬಾರದು. ಅಲ್ಲೂ ಇದೇ ಬಂದ್ರೆ ಮುಂದುವರಿಸಿ. ಬರದಿದ್ರೆ ಇಲ್ಲಿಗೆ ಮುಗೀತು."

ಶುದ್ಧ ಮಾಡಿದ ಮೂರೂ ಸೀಸೆ ಹೋದವು. ಕಾದೆವು. ಕಾಯುವ ದಿನಗಳಲ್ಲಿ ನಾನು ಎಲ್ಲರ ಮೇಲೂ ರೇಗುತ್ತಿದ್ದೆ. ಶಾಹೀನಾ ದಿನಾ ಹೊಸ ಸುಳ್ಳು ಹುಟ್ಟಿಸುತ್ತಿದ್ದಳು: ಕೊರಿಯರ್‌ನವನು ಸೀಸೆಗಳನ್ನು ಕೆ.ಆರ್. ಪುರದ ಬ್ರಿಜ್ ಮೇಲೆ ಟ್ರಾಫಿಕ್ಕಿನಲ್ಲಿ ಮಾರಿಬಿಟ್ಟನಂತೆ, ಹೊರಗಿನ ಲ್ಯಾಬಿನವರು ಕುಡಿದುಬಿಟ್ಟರಂತೆ.

ಫಲಿತಾಂಶ ಬಂದಿದ್ದು ಮಧ್ಯಾಹ್ನ ಊಟದ ಹೊತ್ತಿಗೆ. ನಾನು ಡಬ್ಬಿ ತೆಗೆದು ಎರಡು ತುತ್ತು ತಿಂದಿದ್ದೆ. ರಾಘವನ್ ಸಾರ್ ಫೋನ್ ಕೈಯಲ್ಲಿ ಹಿಡಿದು ನಮ್ಮ ಮೇಜಿನ ಹತ್ತಿರ ಬಂದು ನಿಂತರು. ಮುಖದಲ್ಲಿ ಏನೂ ಗೊತ್ತಾಗಲಿಲ್ಲ.

"ಒಂದು ವಯಲ್ ಕೆಲಸ ಮಾಡಿತು. ಎರಡು ಮಾಡಲಿಲ್ಲ."

"ಯಾವುದು ಸಾರ್?"

"ಯಾವುದು ಮಾಡಬೇಕಿತ್ತೋ ಅದೇ ಮಾ. ಬಲ ಸಾಧಾರಣ ಅಂತಾನೂ ಬರೆದಿದ್ದಾರೆ. ಆದರೆ ಅವರಿಗೆ ಸಾಕಂತೆ. ಮೂತ್ರಪಿಂಡದ ಕೋಶಗಳ ಮೇಲೆ ಶುರುಮಾಡ್ತಾರಂತೆ. ಇನ್ನಷ್ಟು ಕಳಿಸಿ ಅಂತ ಕೇಳಿದ್ದಾರೆ, ಅದೂ ಬೇಗ."

ನಾನು ಕೈ ತೊಳೆಯಲು ಎದ್ದೆ. "ಹೊಸ ದಾರೀಲಾ, ಹಳೇ ದಾರೀಲಾ ಸಾರ್?"

"ಹಳೇದೇ ಮಾ, ಹಳೇದೇ. ಎಷ್ಟು ಉದ್ದ ಇದ್ದರೂ ಪರವಾಗಿಲ್ಲ."

ಒಂದೊಂದು ಹಂತದಲ್ಲೂ ಒಂದಿಷ್ಟು ಕಳೆದುಹೋಗುವ ಅಷ್ಟುದ್ದದ ದಾರಿಗೆ ದೊಡ್ಡ ಫ್ಲಾಸ್ಕ್ ಬೇಕಿತ್ತು, ಇದ್ದ ಒಳ್ಳೆಯದನ್ನು ಸಾರ್ ಒಡೆದಿದ್ದರು. ಇನ್ನೊಂದನ್ನು ಹುಡುಕಿ, ತೊಳೆದು, ಮೊದಲನೆಯ ಹಂತಕ್ಕೆ ಸ್ಟ್ಯಾಂಡಿನ ಮೇಲೆ ಏರಿಸಿ ವಾಪಸ್ ಬರುವಷ್ಟರಲ್ಲಿ ನನ್ನ ಡಬ್ಬಿ ಖಾಲಿಯಾಗಿತ್ತು. ಶಾಹೀನಾ ಬೆರಳು ನೆಕ್ಕುತ್ತಾ ಕೂತಿದ್ದಳು.